ಹನ್ನೆರಡನೇ ಕಂಪನಿಯ ಕುಚ್ಚು

ಹೆನ್ನಿಂಗ್ ಬರುವ ಹೊತ್ತಾಯಿತೆಂದರೆ ಗೆಸಿನೆ ಮೇಜಿನ ಖಾನೆಗೆ ಬೀಗ ಹಾಕಿ, ಏನೂ ಅರಿಯದವಳಂತೆ ಕುಳಿತುಬಿಡುತ್ತಿದ್ದಳು. ಜರ್ಮನಿಯ ಕಾಸೆಲ್‌ನಲ್ಲಿ ಹಳೇ ಸಾಮಾನಿನ ಸಂತೆ ಸೇರುವುದು ತಿಂಗಳಿಗೊಂದು ಭಾನುವಾರ. ಅವಳ ಉಳಿದ ದಿನಗಳೆಲ್ಲ ಆ ಒಂದು ಭಾನುವಾರದ ದಾರಿ ಕಾಯುವುದರಲ್ಲೇ ಸವೆಯುತ್ತಿದ್ದವು.

"ಹನ್ನೆರಡನೇದು ಬಂತಾ?"

"ಬಂದವರು ಮೊದಲು ಶುಭೋದಯ ಅಂತಾರೆ."

"ಶುಭೋದಯ. ಬಂತಾ?"

"ಇಲ್ಲ."

ಗೆಸಿನೆ ಮಾರುತ್ತಿದ್ದದ್ದು ಜರ್ಮನ್ ಚಕ್ರವರ್ತಿ ಕೈಸರನ ಕಾಲದ ಸಿಪಾಯಿಗಳು ಸೊಂಟದ ಬಯೊನೆಟ್ ಕತ್ತಿಗೆ ಕಟ್ಟುತ್ತಿದ್ದ ಕುಚ್ಚುಗಳನ್ನು. ರೆಜಿಮೆಂಟಿನ ಒಂದೊಂದು ತುಕಡಿಗೆ, ಅಂದರೆ ಕಂಪನಿಗೆ, ಒಂದೊಂದು ಬಣ್ಣ. ತನ್ನ ಮುತ್ತಜ್ಜನ ರೆಜಿಮೆಂಟಿನ ಕುಚ್ಚುಗಳನ್ನು ಹೆನ್ನಿಂಗ್ ಒಂದೊಂದಾಗಿ ಇವಳಿಂದಲೇ ಕೊಂಡಿದ್ದ. ಮುತ್ತಜ್ಜ ಇದ್ದ ಹನ್ನೆರಡನೇ ಕಂಪನಿಯದು ಮಾತ್ರ ಬಾಕಿ. ಹಳದಿ ಕತ್ತು, ನೀಲಿ ಉಂಗುರದ ಆ ಕುಚ್ಚು ಚಳಿಗಾಲದಿಂದ ಇವಳ ಖಾನೆಯಲ್ಲೇ ಮಲಗಿತ್ತು.

ಕೊಟ್ಟರೆ ಮುಗಿಯಿತು. ಥ್ಯಾಂಕ್ಸ್ ಹೇಳಿ ಹೋಗುತ್ತಾನೆ, ಮತ್ತೆ ಬರಲು ಕಾರಣವೇ ಇರುವುದಿಲ್ಲ. ಕನ್ನಡಕವನ್ನು ಹಣೆಗೇರಿಸಿ ಎಳೆ ಎಳೆಯನ್ನೂ ಬೆರಳಲ್ಲಿ ಸವರುವಾಗ ಅವನ ಕಣ್ಣು ಒಮ್ಮೊಮ್ಮೆ ಕುಚ್ಚು ಬಿಟ್ಟು ಇವಳ ಮುಖದ ಮೇಲೆ ನಿಲ್ಲುತ್ತಿತ್ತು. ಅಷ್ಟಕ್ಕೇ ಇವಳು ಬಗ್ಗಿಸುತ್ತಿದ್ದ ಕಾಫಿ ಬಟ್ಟಲು ತುಂಬಿ ಚೆಲ್ಲುತ್ತಿತ್ತು.

ಮೇ ತಿಂಗಳಲ್ಲಿ ಅವನು ತಡವಾಗಿ ಬಂದ. ಜೇಬಿನಿಂದ ಹಳದಿ ನೀಲಿಯ ಒಂದು ಕುಚ್ಚು ತೆಗೆದು ಮೇಜಿನ ಮೇಲಿಟ್ಟು, ನೇರಳೆ ಬೆಳಕಿನ ಪುಟ್ಟ ಟಾರ್ಚ್ ಹಾಕಿದ. ನೂಲು ಬೆಳ್ಳಗೆ ಹೊಳೆಯಿತು. ಹಳೇ ನೂಲು ಆ ಬೆಳಕಿಗೆ ಹೊಳೆಯುವುದಿಲ್ಲ.

"ನಕಲಿ," ಅಂದಳು ಗೆಸಿನೆ.

"ಬೇರೆ ಊರಲ್ಲಿ ಸಿಕ್ತು ಅಂತ ಕುಣ್ಕೊಂಡು ತಂದೆ. ಆತುರಕ್ಕೆ ಲೈಟ್ ಹಾಕೋದಕ್ಕೆ ಮುಂಚೆ ಅಪ್ಪನ ಕೈಗೆ ಕೊಟ್ಟೆ. ಎದೆಗೆ ಒತ್ಕೊಂಡು ಅತ್ತುಬಿಟ್ರು. ಈಗ ಯಾವ ಮುಖ ಇಟ್ಕೊಂಡು ಹೇಳ್ಲಿ?"

ಗೆಸಿನೆ ಖಾನೆಯತ್ತ ಬಾಗಿದಳು. ಬೀಗ ತೆಗೆದು ಅಸಲಿ ಕುಚ್ಚನ್ನು ಅವನ ಮುಂದಿಟ್ಟಳು.

"ಇದು ಯಾವಾಗ ಬಂತು?"

"ಚಳಿಗಾಲದಲ್ಲಿ."

"ಪ್ರತಿ ಸಲ ಇಲ್ಲ ಅಂದ್ರಿ!"

"ಇದು ಸಿಕ್ಕಿದ್ಮೇಲೆ ನೀವು ಬರಲ್ಲ ಅಂತ. ನೀವಿಲ್ಲದ ಭಾನುವಾರ ನನಗೆ ಬೇಡ, ಹೆನ್ನಿಂಗ್. ಬೈಯೋದಿದ್ರೆ ಬೈದುಬಿಡಿ."

ಅವನು ಬೈಯಲಿಲ್ಲ. ಅಸಲಿ ಕುಚ್ಚನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು, ತಿರುಗಿಯೂ ನೋಡದೆ ಹೊರಟುಹೋದ. ಬೈದಿದ್ದರೇ ಚೆನ್ನಾಗಿತ್ತು. ಆ ತಿಂಗಳು ಅವಳಿಗೆ ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಬರುವುದಿಲ್ಲವೆಂದು ಗೊತ್ತಿದ್ದರೂ ಮುಂದಿನ ಸಂತೆಯಲ್ಲಿ ಕಣ್ಣು ಅವನು ಬರುವ ದಾರಿಯಲ್ಲೇ ನೆಟ್ಟಿತ್ತು.

ಬಂದ. ಕೈಯಲ್ಲಿ ಪ್ಲಮ್ ಕೇಕಿನ ಪೊಟ್ಟಣ.

"ಅಪ್ಪ ಕಳಿಸಿದ್ದು. ಕುಚ್ಚನ್ನ ದಿಂಬಿನ ಪಕ್ಕದಲ್ಲೇ ಇಟ್ಕೊಂಡಿದ್ದಾರೆ."

"ನಿಮಗೆ ಕೋಪ ಹೋಯ್ತಾ?"

"ಒಂದು ವಾರ ನಿಮ್ಮ ಮೇಲಿತ್ತು. ಆಮೇಲೆ ಈ ಭಾನುವಾರ ಬೇಗ ಬರ್ತಿಲ್ವಲ್ಲ ಅಂತ ಕ್ಯಾಲೆಂಡರ್ ಮೇಲೆ."

ಗೆಸಿನೆಗೆ ನಗು, ಅಳು ಎರಡೂ ಒಟ್ಟಿಗೆ ಬಂದವು. "ಇವತ್ತು ಏನು ತೋರಿಸ್ಲಿ?"

"ಏನೂ ಬೇಡ. ಸ್ವಲ್ಪ ಆಚೆ ಸರೀರಿ."

ಆ ಸಂತೆಯಲ್ಲಿ ಗಿರಾಕಿಗಳು ಮೇಜಿನ ಹಿಂದಕ್ಕೆ ಕಾಲಿಡುವ ರೂಢಿಯಿಲ್ಲ. ಅಕ್ಕಪಕ್ಕದ ವ್ಯಾಪಾರಿಗಳೆಲ್ಲ ನೋಡುತ್ತಿದ್ದಂತೆಯೇ ಹೆನ್ನಿಂಗ್ ಮೇಜನ್ನು ಬಳಸಿ ಬಂದು ಅವಳ ಬೆಂಚಿನ ಮೇಲೆ ಕುಳಿತ. ಗೆಸಿನೆ ಸರಿದಳು, ಆದರೆ ಹೆಚ್ಚು ಸರಿಯಲಿಲ್ಲ.