ಕೋಳಿ ಹಿಡಿದ ಬಸ್ ರೂಟು

ಮನೆ ಓನರ್ ಬೈರಯ್ಯನವರು ಬೆರಳ ಗೆಣ್ಣಿನಿಂದ ಗೋಡೆ ಕುಟ್ಟುತ್ತಾ ಬರುತ್ತಿದ್ದರು. ಟಕ್, ಟಕ್, ಟಕ್. ಅವರ ಹಿಂದೆ ಅಪ್ಪ, ಅಪ್ಪನ ಹಿಂದೆ ರಂಜಿತಾ, ಎಲ್ಲರ ಹಿಂದೆ ಬೈರಯ್ಯನವರ ಕೆಂಪು ಕೋಳಿ.

“ಗ್ವಾಡೆಗೆ ಏನಾದ್ರೂ ಆಗಿದ್ರೆ ಅಡ್ವಾನ್ಸಲ್ಲಿ ಮುರ್ಕೊತೀನಿ ಮೇಷ್ಟ್ರೇ. ಮೊದ್ಲೇ ಏಳಿದ್ದೆ.”

“ಒಂದು ಮೊಳೆನೂ ಹೊಡ್ದಿಲ್ಲ, ನೋಡ್ಕೊಳ್ಳಿ,” ಅಂದರು ಅಪ್ಪ, ಎದೆ ಸೆಟೆಸಿ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ರಂಜಿತಾ ತನ್ನ ಕೈ ನೋಡಿಕೊಂಡಳು. ಅಪ್ಪನಿಗೆ ಚನ್ನರಾಯಪಟ್ಟಣಕ್ಕೆ ಟ್ರಾನ್ಸ್‌ಫರ್ ಆಗಿತ್ತು. ಈ ಅರಕಲಗೂಡಿನ ಮನೆಯ ಅಡ್ವಾನ್ಸ್ ಪೂರ್ತಿ ವಾಪಸ್ ಬಂದರೆ ತಾನೆ ಅಲ್ಲಿನ ಮನೆಗೆ ಕೊಡುವುದು?

ಮೊಳೆ ಹೊಡೆದವಳು ಅವಳೇ. ಮಂಚದ ಹಿಂದೆ, ಮೊಣಕಾಲೆತ್ತರಕ್ಕೆ, ಸಾಲಾಗಿ. ಮೊಳೆಯಿಂದ ಮೊಳೆಗೆ ದಾರ ಕಟ್ಟಿ ಬೆಂಕಿಪೊಟ್ಟಣದ ಬಸ್ ಬಿಡುತ್ತಿದ್ದಳು. ರಾಮನಾಥಪುರ ಬಿಟ್ಟ ಬಸ್ಸು ಹಾಸನ ಮುಟ್ಟುವಷ್ಟರಲ್ಲಿ ಊಟಕ್ಕೆ ಕರೆ ಬರುತ್ತಿತ್ತು. ಇವತ್ತು ಬೆಳಿಗ್ಗೆ ಮಂಚ ಸರಿಸುವ ಮೊದಲೇ ಮೊಳೆ ಕಿತ್ತು, ತೂತಿಗೆಲ್ಲ ರಾತ್ರಿ ಮಿಕ್ಕಿದ ರಾಗಿಮುದ್ದೆ ಮೆತ್ತಿಬಿಟ್ಟಿದ್ದಳು. ಗೋಡೆಯೂ ಕಂದು, ಮುದ್ದೆಯೂ ಕಂದು. ಆಹಾ, ಎಂಥ ಜೋಡಿ ಅಂತ ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದಳು.

“ಚೆಂದಾಗೇ ಮಡಿಕ್ಕಂಡಿದ್ದೀರಿ,” ಎಂದು ಬೈರಯ್ಯನವರು ದುಡ್ಡು ಕೊಡಲು ಜೇಬಿಗೆ ಕೈ ಹಾಕಿದರು.

ಅವರ ಕಣ್ಣಿಗೆ ಬೀಳದ್ದು ಕೋಳಿಯ ಕಣ್ಣಿಗೆ ಬಿತ್ತು. ಕುಟುಕ್. ಒಂದು ತೂತು ಬಾಯಿ ಬಿಟ್ಟಿತು. ರಂಜಿತಾ ಮೆಲ್ಲಗೆ “ಶೂ, ಶೂ” ಎಂದಳು. ಕೋಳಿ ಕೇಳಬೇಕಲ್ಲ. ಮುಂದಿನ ಸ್ಟಾಪಿಗೆ ಹಾರಿತು. ಕುಟುಕ್, ಕುಟುಕ್. ಹಾಸನದವರೆಗೆ ಒಂದು ಸ್ಟಾಪೂ ಬಿಡಲಿಲ್ಲ.

“ಏನ್ ತಿಂತಾ ಐತೆ ಇದು, ಗ್ವಾಡೆನಾ?” ಬೈರಯ್ಯನವರು ಬಗ್ಗಿ, ಕೆರೆದು, ಮೂಸಿ ನೋಡಿದರು. “ಮುದ್ದೆ ಕಣ್ರೀ. ಒಂದು ಮೊಳೆನೂ ಒಡ್ದಿಲ್ಲ ಅಂದ್ರಲ್ಲ ಮೇಷ್ಟ್ರೇ.”

ಅಪ್ಪ ತೂತುಗಳನ್ನು ನೋಡಿದರು. ಕ್ಲಾಸಿನಲ್ಲಿ ಸುಳ್ಳು ಹೇಳಿ ಸಿಕ್ಕಿಬಿದ್ದ ಹುಡುಗನ ಹಾಗೆ ತಲೆ ತಗ್ಗಿಸಿದರು. ಅದನ್ನು ನೋಡಲು ರಂಜಿತಾಳಿಂದ ಆಗಲಿಲ್ಲ.

“ತಾತ, ಅಪ್ಪ ಸುಳ್ಳು ಹೇಳ್ಲಿಲ್ಲ. ಅಪ್ಪಂಗೆ ಗೊತ್ತೇ ಇಲ್ಲ. ನಾನೇ ಹೊಡ್ದಿದ್ದು. ಅದು ನನ್ನ ಬಸ್ ರೂಟು.”

ಬೈರಯ್ಯನವರು ಗಂಭೀರವಾಗಿರಲು ನೋಡಿದರು. ಆಗಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕರು.

“ಊಟ ಆಕ್ದೋಳನ್ನೇ ಇಡ್ಕೊಟ್ಬುಡ್ತಲ್ಲ ನನ್ ಕೋಳಿ. ಓಗ್ಲಿ ಬುಡು ಮಗ, ತೂತು ಮುಚ್ಚೋ ಪುಟ್ಟಿ ಕಾಸು ಮಾತ್ರ ಮುರ್ಕೊತೀನಿ. ಮೆತ್ತೋಳು ಮಾತ್ರ ನೀನೇ.”

ಮೆತ್ತಿದಳು. ಕೋಳಿ ಪಕ್ಕದಲ್ಲೇ ಕಾದು ನಿಂತಿತ್ತು, ಪುಟ್ಟಿಯ ರುಚಿ ಅದಕ್ಕೆ ಹಿಡಿಸಲಿಲ್ಲ.

ಸಂಜೆ ಚನ್ನರಾಯಪಟ್ಟಣದಲ್ಲಿ ಹೊಸ ಓನರ್ ನೀಲಾಂಬಿಕೆಯಮ್ಮ ಬೀಗದ ಕೈ ಕೊಡುತ್ತಾ ಕೇಳಿದರು. “ಗೋಡೆಗೆ ಮೊಳೆ ಹೊಡಿಯಲ್ಲ ತಾನೆ?”

ಹೇಳಲು ಬಾಯಿ ತೆರೆದ ಅಪ್ಪ ರಂಜಿತಾಳ ಕಡೆ ತಿರುಗಿದರು.

ಅವಳು ಫ್ರಾಕಿನ ಜೇಬಿಗೆ ಕೈ ಹಾಕಿ, ಅಲ್ಲಿದ್ದ ಮೊಳೆಗಳನ್ನೆಲ್ಲ ತೆಗೆದು ಅಪ್ಪನ ಅಂಗೈಗೆ ಸುರಿದಳು.

“ಈಗ ಹೇಳಪ್ಪ,” ಅಂದಳು.