ನೆಲದ ಗೇರು

"ಶಿವರಾಯ ಮಾಮಾರು ಅದಾರೇನ್ರಿ?"

ಜೀಪಿನಡಿ ಮಲಗಿದ್ದ ಶಿವಕಾಂತಾಳ ಕೈಯಿಂದ ನಟ್ಟು ಬಿಚ್ಚುತ್ತಿದ್ದ ಪಾನಾ ಜಾರಿತು. ಈ ದನಿ... ನಾಲ್ಕು ವರ್ಷವಾದರೂ ಮರೆತಿರಲಿಲ್ಲ ನೋಡಿ, ಹಾಳು ಕಿವಿ!

ಹೊರಗೆ ಬಂದಳು. ಸೀರೆಯ ಮೇಲೆ ಅಪ್ಪನ ಹಳೇ ಅಂಗಿ, ಕೆನ್ನೆಗೆ ಗ್ರೀಸು. ಅಫಜಲಪುರದ ಆ ಸಣ್ಣ ಗ್ಯಾರೇಜಿನ ಬಾಗಿಲಲ್ಲಿ ಗೊಬ್ಬೂರಿನ ಬಸವಂತರಾಯ ನಿಂತಿದ್ದ. ಹಿಂದೆ, ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದು ತಂದ ಅವನ ತಂದೆಯ ಕಾಲದ ಮೋರಿಸ್ ಕಾರು. ಅವನ ಎಡಗೈ ಮಣಿಕಟ್ಟಿನಿಂದಾಚೆ ಇರಲಿಲ್ಲ. ಅಂಗಿಯ ತೋಳು ಮಡಚಿ ಪಿನ್ನು ಹಾಕಿದ್ದ.

"ಅಪ್ಪಗ ಕಣ್ಣು ಕಾಣಂಗಿಲ್ರಿ. ಕೆಲಸ ನಾನೇ ನೋಡ್ತೇನಿ," ಎಂದಳು.

ಅವನು ನೆಲ ನೋಡುತ್ತಲೇ ಹೇಳಿದ. "ಗೇರ್‌ಬಾಕ್ಸ್ ಹೋಗ್ಯದ್ರಿ. ಅಂಬಾಸಿಡರಿಂದು ಒಂದು ತಂದೀನಿ, ಕೂಡಿಸ್ರಿ. ಅದರ ಗೇರು ಸ್ಟೇರಿಂಗ್ ಹತ್ರ ಇರ್ತದಲ್ಲ, ಹಂಗೇ ಇರ್ಲಿ. ಈ ನೆಲದ ಗೇರು ಕಿತ್ತು ಒಗೀರಿ. ಎಡಗೈಲೆ ಹಾಕೋದು, ನನಗಿನ್ನ ಒಗ್ಗಂಗಿಲ್ಲ."

ಮಾತಿಗೊಂದು 'ರಿ'! ತಾಳಿ ಕಟ್ಟಬೇಕಾಗಿದ್ದವನು ಪರಕೀಯಳನ್ನು ಮಾತಾಡಿಸಿದ ಹಾಗೆ ಮಾತಾಡಿಸಿ ಹೋದ.

ಮದುವೆ ನಿಶ್ಚಯವಾದ ಒಂಬತ್ತನೇ ದಿನ ಅವನ ಕೈ ಕಬ್ಬಿನ ಗಾಣಕ್ಕೆ ಸಿಕ್ಕಿತ್ತು. ಊರಿನ ಬಾಯಿಗೆ ಅಷ್ಟು ಸಾಕಾಯಿತು. ಹುಡುಗಿಯ ಕಾಲ್ಗುಣ ನೆಟ್ಟಗಿಲ್ಲ ಎಂದರು. ಅವಳು ಗುಲಬರ್ಗಾದ ದವಾಖಾನೆಗೆ ಓಡಿದ್ದಳು. ಅವನು ಒಂದು ಮಾತೂ ಆಡದೆ ಗೋಡೆಯ ಕಡೆ ಹೊರಳಿ ಮಲಗಿದ. ವಾರದಲ್ಲಿ ಮದುವೆ ಮುರಿಯಿತು. 'ಇವನೂ ಕಾಲ್ಗುಣ ಅಂತಲೇ ನಂಬಿದ...' ಎಂದುಕೊಂಡಳು. ಆಮೇಲೆ ಅವಳನ್ನು ನೋಡಲು ಯಾವ ಬೀಗರೂ ಬರಲಿಲ್ಲ.

ಹಳೇ ಗೇರ್‌ಬಾಕ್ಸ್ ಬಿಚ್ಚಿದಾಗ ಅಪ್ಪ ಶಿವರಾಯ ಅದರ ಚಕ್ರದ ಹಲ್ಲುಗಳ ಮೇಲೆ ಬೆರಳಾಡಿಸಿದ. ಎಲ್ಲಾ ಸವೆದು ಮುರಿದಿದ್ದವು.

"ಬಲಗೈ ಸ್ಟೇರಿಂಗ್ ಬಿಟ್ಟು ಅಡ್ಡ ತಂದು ಗೇರು ಹಾಕ್ಯಾನ ಬೇ. ನಾಕ ವರ್ಷ ಹಿಂಗ ಒಬ್ಬನೇ ತಿರುಗ್ಯಾನ."

ಬೆರಳಿನ ಎಣ್ಣೆ ಒರೆಸಿಕೊಂಡು ಮತ್ತೆ ಹೇಳಿದ. "ನಿನಗೊಂದು ಹೇಳಿಲ್ಲ ನಾ. 'ಅರ್ಧ ಮನುಷ್ಯಾಗ ಆಕಿನ್ನ ಕಟ್ಟಬ್ಯಾಡ್ರಿ' ಅಂತ ಅವನೇ ಹೇಳಿ ಕಳಿಸಿದ್ದ. ನಾ ಹ್ಞೂಂ ಅಂದೆ. ಹಡದಪ್ಪ, ಹೆದರಿದೆ."

ಶಿವಕಾಂತಾ ಅಲ್ಲೇ ಕುಸಿದು ಕೂತು ಅತ್ತಳು. ಇಬ್ಬರು ಗಂಡಸರು ಕೂಡಿ ಅವಳ ಬದುಕನ್ನು ತೀರ್ಮಾನ ಮಾಡಿಬಿಟ್ಟಿದ್ದರು. ಅವಳನ್ನು ಒಂದು ಮಾತು ಕೇಳಿದವರಿಲ್ಲ! ಕಾರು ಗ್ಯಾರೇಜಿನಲ್ಲಿ ಇರುವಷ್ಟು ದಿನ ಮಾತ್ರ ಅವಳಿಗೆ ಅವಕಾಶ. ಒಮ್ಮೆ ಹೊರಬಿತ್ತೆಂದರೆ ಅವನು ಮತ್ತೆ ಬರುವವನಲ್ಲ.

ಕಣ್ಣೊರೆಸಿಕೊಂಡು ಎದ್ದಳು. ನೆಲದ ಗೇರನ್ನು ಒಗೆಯಲಿಲ್ಲ.

ಸುಲಭದ ಕೆಲಸವೇನಲ್ಲ. ಅಂಬಾಸಿಡರಿನ ಗೇರ್‌ಬಾಕ್ಸ್ ಹಳೇದಕ್ಕಿಂತ ಒಂದು ಗೇಣು ಉದ್ದ, ಗೇರು ಬದಲಿಸುವ ಕೊಂಡಿಗಳು ಅದರ ಮೇಲಲ್ಲ, ಪಕ್ಕದಲ್ಲಿ. ನೆಲದ ಗೇರಿನ ಹಳೇ ಕೋಲನ್ನು ಕಾಯಿಸಿ ಬಗ್ಗಿಸಿದಳು, ಎರಡು ಸರಳು ಜೋಡಿಸಿ ಕೊಂಡಿಗಳಿಗೆ ಸೇರಿಸಿದಳು. ಮೊದಲ ಸಲ ಎಲ್ಲಾ ಉಲ್ಟಾ. ಒಂದನೇ ಗೇರಿಗೆ ತಳ್ಳಿದರೆ ಎರಡನೇದು ಬಿತ್ತು. ನಡುವೆ ಇನ್ನೊಂದು ಸಣ್ಣ ಕಬ್ಬಿಣದ ತೋಳು ಕೂಡಿಸಿದ ಮೇಲೆ ಸರಿಹೋಯಿತು. ಎಂಟನೇ ದಿನ ಎರಡು ಸೀಟುಗಳ ನಡುವೆ, ಮೊದಲಿನ ಜಾಗದಲ್ಲೇ ಗೇರು ನಿಂತಿತ್ತು.

ಬಸವಂತರಾಯ ಬಂದು ನೋಡಿದ. ಅವನ ಮುಖ ಕಪ್ಪಿಟ್ಟಿತು.

"ಏನ್ರಿ ಇದು? ಇದನ್ನ ನಾ ಯಾವ ಕೈಲೆ ಹಾಕ್ಲಿ? ಚ್ಯಾಷ್ಟಿ ಮಾಡಾಕತ್ತೀರೇನು?"

ಅವಳು ಎಡಗಡೆಯ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡಳು. ಬಲಗೈಯನ್ನು ಗೇರಿನ ಮೇಲಿಟ್ಟಳು.

"ನೀವ್ಯಾಕ ಹಾಕ್ತೀರಿ? ನೀವು ಸ್ಟೇರಿಂಗ್ ಹಿಡೀರಿ."

ಅವನು ಒಂದು ಹೆಜ್ಜೆ ಹಿಂದೆ ಸರಿದ.

"ದವಾಖಾನ್ಯಾಗ ಗ್ವಾಡಿ ಕಡಿ ಮಾರಿ ಮಾಡಿದ್ರಿ," ಎಂದಳು. "ನನ್ನ ಕಾಲ್ಗುಣ ನೆಟ್ಟಗಿಲ್ಲ ಅಂತ ನೀವೂ ನಂಬೀರಿ ಅಂದ್ಕೊಂಡು ನಾಕ ವರ್ಷ ಅತ್ತೀನಿ."

"ಕಾಲ್ಗುಣ?"

ಅವನು ಆಚೆ ಬದಿಯ ಬಾಗಿಲು ತೆಗೆದ. ತನ್ನ ಸೀಟಿನಲ್ಲಿ ಕೂತ.

"ನಾ ಅಳಾದು ನಿನಗ ಕಾಣಬಾರದು ಅಂತ ಹೊಳ್ಳಿದ್ದೆ, ಶಿವಕಾಂತಾ. ಅಷ್ಟೇ..."

ನಾಲ್ಕು ವರ್ಷದ ಮೇಲೆ ಅವನ ಬಾಯಲ್ಲಿ ಅವಳ ಹೆಸರು ಬಂದಿತ್ತು. ಇಬ್ಬರೂ ಬಹಳ ಹೊತ್ತು ಅತ್ತರು, ಒಬ್ಬರ ಮುಖ ಒಬ್ಬರು ನೋಡದೆ.

"ಹಿಂಗಾದ್ರ ನೀ ಇಲ್ದ ಈ ಗಾಡಿ ನಡಿಯಂಗೇ ಇಲ್ಲಲ್ಲ," ಎಂದ ಕೊನೆಗೆ.

"ನಡೀಬಾರದಂತನೇ ಮಾಡೀನಿ."

ಅವನು ಗೇರಿನ ಮೇಲಿದ್ದ ಅವಳ ಕೈ ನೋಡಿದ. ಬೆರಳುಗಳು ಸುಟ್ಟು ಬೊಬ್ಬೆ ಎದ್ದಿದ್ದವು.

"ನಾಕ ವರ್ಷ ಹಾಳಾಗಿ ಹೋದವು," ಎಂದ.

"ಹೋದವು," ಎಂದಳು. "ಕ್ಲಚ್ ಒತ್ರಿ."