ಹಲ್ಲುಸೆಟ್ ಕೇಳಿದ ದೆವ್ವ

"ನನ್ನ ದೆವ್ವವನ್ನ ಹಾಳು ಮಾಡಿದ್ದು ನೀವೇನಾ?"

ಸೌಂಡ್ ರೂಮಿನ ಬಾಗಿಲು ತಳ್ಳಿಕೊಂಡು ಬಂದವಳು ಚಿತ್ರದ ಎಡಿಟರ್. ಮೊದಲ ಸಿನಿಮಾ, ಮೂಗಿನ ತುದಿಯಲ್ಲೇ ಕೋಪ. ಹೆಡ್‌ಫೋನ್ ಇಳಿಸಿ ತಿರುಗಿದ ಸೌಂಡ್ ಇಂಜಿನಿಯರ್‌ನ ಕಣ್ಣಿನಲ್ಲಿ ಮಾತ್ರ ನಗು.

ಛೇ, ಇಷ್ಟು ಚೆಂದದ ಕಣ್ಣು ಇಂಥವನಿಗೆ ಯಾಕೆ ಕೊಟ್ಟೆ ದೇವರೇ!

"ದೆವ್ವ ಬರುವಾಗ ಡ್ರಮ್ ಹಾಕಿದ್ದೀನಿ, ಅಷ್ಟೇ ಮೇಡಂ."

"ಅದೇ ತಪ್ಪು!"

ಕ್ರಿಸ್‌ಮಸ್‌ಗೆ ಬಿಡುಗಡೆಯಾಗಬೇಕಾದ, ನಗಿಸುತ್ತಲೇ ಹೆದರಿಸುವ ಸಿನಿಮಾ ಅದು. ಹಬ್ಬದ ಸಂಜೆ, ಸತ್ತ ತಾತ ಸಾಂಟಾ ವೇಷದಲ್ಲಿ ಕ್ರಿಸ್‌ಮಸ್ ಮರದ ಹಿಂದಿನಿಂದ ಎದ್ದು ಬರುತ್ತಾನೆ. ಬೊಚ್ಚುಬಾಯಿ ತೆರೆಯುತ್ತಾನೆ. ಮೂರು ಸೆಕೆಂಡು ಮೌನ. ಆಮೇಲೆ ಸೊಸೆಯನ್ನು ಕೇಳುತ್ತಾನೆ, "ನನ್ನ ಹಲ್ಲುಸೆಟ್ ಎಲ್ಲಮ್ಮಾ ಇಟ್ಟೆ?"

ಆ ಮೌನದ ಮೇಲೆ ಇವನು ಡ್ರಮ್ ಸುರಿದಿದ್ದ. ಬೆಳಿಗ್ಗೆ ನೋಡಿದ ನಿರ್ದೇಶಕರು ನಗಲೂ ಇಲ್ಲ, ಬೆಚ್ಚಲೂ ಇಲ್ಲ. "ನಾಳೆ ಹೊರಗಿನವರಿಗೆ ತೋರಿಸೋಣ. ಅವರೂ ನಗ್ಲಿಲ್ಲ ಅಂದ್ರೆ ಸೀನ್ ಔಟ್" ಎಂದುಬಿಟ್ಟರು. ಅವಳು ಜೀವ ತೇಯ್ದು ಕಟ್ಟಿದ ಸೀನು ಅದು.

"ಹೆದರಿದವರು ಎಲ್ಲಾದ್ರೂ ನಗ್ತಾರಾ?" ಅವನು ಹುಬ್ಬೇರಿಸಿದ.

"ನಾವು ನಕ್ಕಿದ್ವಿ!" ಅವಳು ಒಂದು ಹೆಜ್ಜೆ ಮುಂದೆ ಬಂದಳು. "ಅಜ್ಜಿ ಹೋದ ಮೂರನೇ ದಿನ, ಅವಳ ರೂಮಿಂದ ಅವಳದೇ ದನಿ... 'ಮಾತ್ರೆ ನುಂಗೇ ಮುದುಕಿ' ಅಂತ! ಮೊಬೈಲ್ ಅಲಾರಂಗೆ ತಾನೇ ರೆಕಾರ್ಡ್ ಮಾಡಿಟ್ಟುಕೊಂಡಿದ್ಲು. ಎಲ್ಲರ ಎದೆ ಧಸಕ್ ಅಂತು. ಆಮೇಲೆ ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕಿದ್ವಿ. ಅಲ್ಲಿವರೆಗೂ ಕಲ್ಲಿನ ಹಾಗೆ ಕೂತಿದ್ದ ಅಪ್ಪ ಆಗಲೇ ಅತ್ತಿದ್ದು... ನಿಮಗೆಲ್ಲಿ ಅರ್ಥ ಆಗುತ್ತೆ!"

ಉತ್ತರಕ್ಕೂ ಕಾಯದೆ ಹೊರಟೇಹೋದಳು.

ಮರುದಿನ, ಪ್ರದರ್ಶನಕ್ಕೆ ಹತ್ತು ನಿಮಿಷವಿರುವಾಗ ನಿರ್ದೇಶಕರು ಅವಳ ಬಳಿ ಬಂದರು.

"ಆ ಸೀನ್‌ಗೆ ಸೌಂಡ್‌ನವನು ಏನೂ ಹಾಕಿಲ್ಲಮ್ಮ. ಖಾಲಿ ಬಿಟ್ಟಿದ್ದಾನೆ."

ಬೈದಿದ್ದಕ್ಕೆ ಸೇಡು ತೀರಿಸಿಕೊಂಡನಾ?... ಅವಳ ಕಣ್ಣು ತುಂಬಿ ಬಂತು. ಗೋಡೆಗೆ ಒರಗಿ ನಿಂತವನ ಕಡೆ ತಿರುಗಿಯೂ ನೋಡಲಿಲ್ಲ.

ಪರದೆಯ ಮೇಲೆ ತಾತ ಬಾಯಿ ತೆರೆದ. ಡ್ರಮ್ ಇಲ್ಲ. ಗಾಳಿಯಿಲ್ಲ, ಗಡಿಯಾರವಿಲ್ಲ. ಸೊಸೆಯ ಉಸಿರು ಮಾತ್ರ... ಮುಂದಿನ ಸಾಲಿನ ಹೆಂಗಸು ಗಂಡನ ತೋಳು ಹಿಡಿದುಕೊಂಡಳು. ಯಾರೋ ಕಿಟಾರನೆ ಕಿರುಚಿದರು.

"ನನ್ನ ಹಲ್ಲುಸೆಟ್..." ಎನ್ನುತ್ತಿದ್ದಂತೆ ಹಾಲ್‌ಗೆ ಹಾಲೇ ಬಿದ್ದು ಬಿದ್ದು ನಕ್ಕಿತು! ನಿರ್ದೇಶಕರೂ ಕಣ್ಣೊರೆಸಿಕೊಂಡು ಅವಳತ್ತ ಹೆಬ್ಬೆರಳೆತ್ತಿದರು. ಸೀನು ಉಳಿಯಿತು.

ಹೊರಗೆ ಮೆಟ್ಟಿಲ ಬಳಿ ಅವನನ್ನು ತಡೆದಳು.

"ಖಾಲಿ ಬಿಟ್ಟಿದ್ದೀರಂತೆ?"

"ಹೂಂ. ಹಾಗೆ ಬಿಡೋಕೆ ಇಡೀ ರಾತ್ರಿ ಬೇಕಾಯ್ತು. ಫ್ಯಾನ್ ಸದ್ದು, ಫ್ರಿಜ್ ಸದ್ದು, ಒಂದೊಂದಾಗಿ ಹೆಕ್ಕಿ ತೆಗೆದೆ. ನೀವು ಹೇಳಿದ್ದೇ ಸರಿ."

ಅವಳ ಕೋಪವೆಲ್ಲ ಎಲ್ಲಿ ಹೋಯಿತೋ! ಇವನು ನನ್ನ ಮಾತು ಕೇಳಿಸಿಕೊಂಡಿದ್ದಾನೆ... ಪೂರ್ತಿಯಾಗಿ.

ಸುತ್ತಿ ಬಳಸಿ ಮಾತಾಡುವುದು ಅವಳಿಗೆ ಗೊತ್ತೇ ಇರಲಿಲ್ಲ. "ನಂಗೆ ನೀವು ಇಷ್ಟ. ಬರೀ ಈ ಸಿನಿಮಾಕ್ಕಲ್ಲ."

"ಅಯ್ಯೋ, ಅದನ್ನ ನಾನು ಹೇಳ್ಬೇಕು ಅಂತಿದ್ದೆ!" ಅವನ ಕಿವಿ ಕೆಂಪಾಯಿತು. "ನಮ್ಮಮ್ಮಂಗೆ ನಿನ್ನೆನೇ ಹೇಳ್ಬಿಟ್ಟೆ."

"ಏನಂತ?"

"ಒಬ್ಬಳು ಬಂದು ಚೆನ್ನಾಗಿ ಬೈದು ಹೋದ್ಲು ಅಂತ."

"ಅದಕ್ಕೆ ಅತ್ತೆ ಏನಂದ್ರು?"

ಬಾಯಿಂದ ಬಿದ್ದ ಮಾತಿಗೆ ಅವಳೇ ನಾಲಿಗೆ ಕಚ್ಚಿಕೊಂಡಳು. ಅವನು ನಗುತ್ತಾ ಕೈ ಚಾಚಿದ.

"ಅವಳನ್ನ ಮೊದಲು ಮನೆಗೆ ಕರ್ಕೊಂಡು ಬಾ ಅಂದ್ರು."